ಅಪ್ಪ ಅಮ್ಮನ ಜೊತೆ ಕಡಲ ಪಕ್ಕ ಟೆಂಟ್: ಮೆಕೆರಿಕರ್ ಪಾರ್ಕ್‌ಗೆ ಯಾವಾಗ, ಹೇಗೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ಮೇ ತಿಂಗಳಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅಕ್ಟೋಬರ್ ಮೊದಲ ವಾರದವರೆಗೂ ಇರುತ್ತಾರೆ. ಅಪ್ಪನಿಗೆ 71, ಬಿಪಿ ಇದೆ. ಅಮ್ಮನಿಗೆ 66, ಮಂಡಿ ನೋವು. ಮಗನಿಗೆ ಎಂಟು ವರ್ಷ. ಜುಲೈ 4ರ ರಜೆಯಲ್ಲಿ ಫೋರ್ಟ್ ಬ್ರ್ಯಾಗ್ ಹತ್ತಿರದ ಮೆಕೆರಿಕರ್ ಸ್ಟೇಟ್ ಪಾರ್ಕ್‌ನಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರೋಣ ಅಂದುಕೊಂಡಿದ್ದೇವೆ. ನಾವ್ಯಾರೂ ಮುಂಚೆ ಕ್ಯಾಂಪಿಂಗ್ ಮಾಡಿದವರಲ್ಲ. ಅಪ್ಪನಿಗೆ ಸಮುದ್ರ ಸ್ನಾನ ಮಾಡುವ ಆಸೆ. ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಬುಕಿಂಗ್, ಹಾಸಿಗೆ, ಊಟ, ಟಾಯ್ಲೆಟ್ ಎಲ್ಲ ಹೇಗೆ?

ಉತ್ತರ: ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಜುಲೈ ಬೇಡ, ಸೆಪ್ಟೆಂಬರ್ ಮೂರನೇ ವಾರ ಹೋಗಿ. ಇನ್ನೊಂದು ಮಾತನ್ನು ಅಪ್ಪನಿಗೆ ಈಗಲೇ ಹೇಳಿಬಿಡಿ: ಅಲ್ಲಿ ಸಮುದ್ರ ಸ್ನಾನ ಆಗುವುದಿಲ್ಲ.

ಹದಿನೆಂಟು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಈ ಉತ್ತರ ಕರಾವಳಿಗೆ ಸಂಸಾರ ಸಮೇತ ಹೋಗಿ ಬರುತ್ತಿದ್ದೇನೆ. ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವ ಎಷ್ಟೋ ಮನೆಯವರಿಗೆ ದಾರಿ ಹೇಳಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಕಡಲು ಅಂದ ತಕ್ಷಣ ನಮ್ಮ ಮನಸ್ಸಿಗೆ ಬರುವುದು ಮಲ್ಪೆ, ಮುರುಡೇಶ್ವರ, ಗೋಕರ್ಣ. ಅಲ್ಲಿನ ನೀರು ಸುಮಾರು 28 ಡಿಗ್ರಿ ಸೆಲ್ಸಿಯಸ್, ಮೊಣಕಾಲುದ್ದ ಇಳಿದರೂ ಹಿತವಾಗಿರುತ್ತದೆ. ಮೆಕೆರಿಕರ್‌ನಲ್ಲಿ ನೀರು 10ರಿಂದ 13 ಡಿಗ್ರಿ. ಬೇಸಿಗೆಯಲ್ಲೂ ಅಷ್ಟೇ. ಯಾವ ತಿಂಗಳು ಹೋಗಬೇಕು, ಏನು ಹೊದೆಯಬೇಕು, ದಡದಲ್ಲಿ ಎಲ್ಲಿ ನಿಲ್ಲಬೇಕು ಎಲ್ಲವೂ ಆ ತಣ್ಣೀರಿನ ಮೇಲೆ ನಿಂತಿದೆ. ಅದು ಅರ್ಥವಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಆ ತಣ್ಣೀರು ಬರುವುದು ಹೀಗೆ. ವಸಂತದಿಂದ ಬೇಸಿಗೆಯವರೆಗೆ ವಾಯವ್ಯದ ಗಾಳಿ ದಡದ ಉದ್ದಕ್ಕೂ ಬೀಸುತ್ತಲೇ ಇರುತ್ತದೆ. ಭೂಮಿ ತಿರುಗುವುದರಿಂದ ಮೇಲಿನ ನೀರು ದಡ ಬಿಟ್ಟು ಆಚೆಗೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ತೇವದ ಗಾಳಿ ಅದರ ಮೇಲೆ ಹಾದು ಬಂದಾಗ ಮಂಜಾಗುತ್ತದೆ. ಒಳನಾಡು ಕಾದಷ್ಟೂ ಆ ಮಂಜನ್ನು ದಡದ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಜುಲೈನಲ್ಲಿ ನಿಮ್ಮ ಸನಿವೇಲ್‌ನಲ್ಲಿ ಫ್ಯಾನ್ ಹಾಕಿಕೊಂಡು ಕೂತಿರುವ ಹೊತ್ತಿಗೆ ಫೋರ್ಟ್ ಬ್ರ್ಯಾಗ್‌ನಲ್ಲಿ ಜನ ಜಾಕೆಟ್ ಹಾಕಿರುತ್ತಾರೆ. ಮಧ್ಯಾಹ್ನ 60 ಚಿಲ್ಲರೆ ಫ್ಯಾರನ್‌ಹೀಟ್, ಅಂದರೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ಎರಡು ದಿನ ಇದ್ದರೂ ಕಡಲೇ ಕಾಣದೆ ವಾಪಸ್ ಬಂದವರಿದ್ದಾರೆ. ಸೆಪ್ಟೆಂಬರ್ ಹೊತ್ತಿಗೆ ಆ ಗಾಳಿ ಇಳಿಯುತ್ತದೆ, ಮಂಜು ಕಡಿಮೆಯಾಗುತ್ತದೆ. ವರ್ಷದಲ್ಲಿ ಅಲ್ಲಿ ಚೆನ್ನಾದ ಬಿಸಿಲು ಸಿಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಯೂ ಇನ್ನೂ ಶುರುವಾಗಿರುವುದಿಲ್ಲ. ಕಾಳ್ಗಿಚ್ಚಿನ ಕಾಲವೂ ಅದೇ ಆದ್ದರಿಂದ ಹೊರಡುವ ಎರಡು ದಿನ ಮುಂಚೆ ಹೊಗೆಯ ಸ್ಥಿತಿ ನೋಡಿಕೊಳ್ಳಿ.

ಬುಕಿಂಗ್ ಲೆಕ್ಕವೂ ಸೆಪ್ಟೆಂಬರ್ ಕಡೆಗೇ ಇದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳ ಜಾಗವನ್ನು ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ವೆಬ್‌ಸೈಟ್‌ನಲ್ಲಿ ಹಿಡಿಯಬೇಕು. ಆರು ತಿಂಗಳು ಮುಂಚೆ, ಅದೇ ತಾರೀಕಿನಂದು, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಜುಲೈ 3ರ ರಾತ್ರಿಯ ಜಾಗ ಜನವರಿ 3ಕ್ಕೇ ತೆರೆದಿತ್ತು, ಆ ರಜೆಯ ಜಾಗಗಳು ನಿಮಿಷಗಳಲ್ಲಿ ಹೋಗಿಬಿಡುತ್ತವೆ. ನಿಮ್ಮ ಪ್ರಶ್ನೆ ಮಾರ್ಚ್ ಮೊದಲ ವಾರದಲ್ಲೇ ಬಂದಿದ್ದು ಒಳ್ಳೆಯದಾಯಿತು. ಸೆಪ್ಟೆಂಬರ್ 20ರ ಸುಮಾರಿನ ಜಾಗ ಈ ತಿಂಗಳ 20ರ ಸುಮಾರಿಗೆ ತೆರೆಯುತ್ತದೆ. ಮುಂಚೆಯೇ ಖಾತೆ ಮಾಡಿಟ್ಟುಕೊಂಡು, ಇಷ್ಟವಾದ ನಾಲ್ಕೈದು ಸೈಟ್, ಅಂದರೆ ಟೆಂಟ್ ಹಾಕುವ ಜಾಗದ ನಂಬರ್ ಬರೆದಿಟ್ಟುಕೊಂಡು, 8 ಗಂಟೆಗೆ ಕೂತುಬಿಡಿ. ಭಾನುವಾರ ಹೋಗಿ ಮಂಗಳವಾರ ಬರುವ ಹಾಗೆ ಹಿಡಿದರೆ ಜಾಗ ಸುಲಭವಾಗಿ ಸಿಗುತ್ತದೆ, ಗಲಾಟೆಯೂ ಇರುವುದಿಲ್ಲ. ಮಗನಿಗೆ ಎರಡು ದಿನ ಶಾಲೆ ತಪ್ಪುತ್ತದೆ, ನಿಜ. ಅಜ್ಜ ಅಜ್ಜಿ ಜೊತೆ ಕಳೆಯುವ ಆ ಎರಡು ದಿನ ಅದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಸಿಗದಿದ್ದರೆ ಜಾಗ ಖಾಲಿಯಾದಾಗ ತಿಳಿಸುವ ವ್ಯವಸ್ಥೆ ಅದೇ ವೆಬ್‌ಸೈಟ್‌ನಲ್ಲಿದೆ, ಅದರಲ್ಲಿ ಹೆಸರು ಹಾಕಿಡಿ. ಜನ ರದ್ದು ಮಾಡುತ್ತಲೇ ಇರುತ್ತಾರೆ.

ಒಂದು ಸೈಟ್‌ಗೆ ಎಂಟು ಜನರವರೆಗೆ ಇರಬಹುದು, ನೀವು ಐದೇ ಜನ. ಪಾರ್ಕ್‌ನಲ್ಲಿ ನೂರನಲವತ್ತಕ್ಕೂ ಹೆಚ್ಚು ಸೈಟ್‌ಗಳಿವೆ, ಬಹುತೇಕ ಪೈನ್ ಮರಗಳ ನಡುವೆ. ಆ ಮರಗಳು ಗಾಳಿಗೆ ದೊಡ್ಡ ತಡೆ. ಹೊಸಬರು ಕಡಲಿಗೆ ಹತ್ತಿರವಿರುವ ಬಯಲಿನ ಜಾಗವನ್ನೇ ಹುಡುಕುತ್ತಾರೆ. ನೀವು ಹಾಗೆ ಮಾಡಬೇಡಿ. ಮರಗಳ ಮರೆ ಇರುವ, ಟಾಯ್ಲೆಟ್‌ಗೆ ಮೂವತ್ತು ನಲವತ್ತು ಹೆಜ್ಜೆ ದೂರದ ಜಾಗ ನೋಡಿ. ತೀರಾ ಪಕ್ಕದಲ್ಲಿ ಬೇಡ, ರಾತ್ರಿಯಿಡೀ ಬಾಗಿಲ ಸದ್ದು, ದೀಪದ ಬೆಳಕು. ವಾಕ್-ಇನ್ ಅಂತ ಬರೆದಿರುವ ಸೈಟ್‌ಗಳಿಗೆ ಸಾಮಾನು ಹೊತ್ತು ನಡೆಯಬೇಕು. ನಿಮಗೆ ಕಾರು ಟೆಂಟ್ ಪಕ್ಕಕ್ಕೇ ಬರುವ ಸೈಟ್ ಬೇಕು.

ಟಾಯ್ಲೆಟ್ ಬಗ್ಗೆ ಅಮ್ಮನಿಗೆ ಧೈರ್ಯ ಹೇಳಿ. ಫ್ಲಶ್ ಇರುವ ಕಮೋಡ್ ಇದೆ, ಬಿಸಿನೀರಿನ ಶವರ್ ಇದೆ. ಶವರ್‌ಗೆ ದುಡ್ಡು ಹಾಕಬೇಕು, ಚಿಲ್ಲರೆ ನಾಣ್ಯ ಜೊತೆಗಿರಲಿ. ಮನೆಯಿಂದ ಒಂದು ಪ್ಲಾಸ್ಟಿಕ್ ಚೊಂಬು ತನ್ನಿ. ಇದನ್ನು ಯಾವ ಕ್ಯಾಂಪಿಂಗ್ ಪಟ್ಟಿಯಲ್ಲೂ ಬರೆಯುವುದಿಲ್ಲ, ನಮ್ಮವರಿಗೆ ಅದೇ ಮೊದಲು ಬೇಕಾಗುವುದು. ಪ್ರತಿಯೊಬ್ಬರಿಗೂ ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಕೊಡಿ. ಕತ್ತಲಲ್ಲಿ ಬೇರು ಎಡವಿ ಬೀಳುವುದೇ ಹಿರಿಯರಿಗೆ ದೊಡ್ಡ ಅಪಾಯ.

ಈಗ ಹಾಸಿಗೆ. ಇಲ್ಲೇ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕ್ಯಾಂಪಿಂಗ್ ಕೆಡುವುದು ರಾತ್ರಿ ಎರಡು ಗಂಟೆಗೆ. ಸೆಪ್ಟೆಂಬರ್ ರಾತ್ರಿಯಲ್ಲಿ ಅಲ್ಲಿ ಹತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಕೆಲವು ರಾತ್ರಿ ಅದಕ್ಕಿಂತ ಕಡಿಮೆ. ಹಾಸನದ ಡಿಸೆಂಬರ್ ಚಳಿ ಕಂಡವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಅಲ್ಲಿ ಗೋಡೆ ಇರುತ್ತದೆ, ಮಂಚ ಇರುತ್ತದೆ. ಇಲ್ಲಿ ಬೆನ್ನ ಕೆಳಗೆ ಬರೀ ನೆಲ. ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಹತ್ತುವುದೇ ಜಾಸ್ತಿ. ನೀವು ಎಷ್ಟು ದಪ್ಪದ ಹೊದಿಕೆ ಹೊದ್ದರೂ ಮೈಭಾರಕ್ಕೆ ಕೆಳಗಿನ ಹತ್ತಿ, ತುಪ್ಪಳ ಎಲ್ಲ ಒತ್ತಿಹೋಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕೇ ಗಾಳಿ ತುಂಬುವ ಮಾಮೂಲಿ ಏರ್ ಬೆಡ್ ಸಾಲದು. ಒಳಗಿನ ಗಾಳಿ ಅಡ್ಡಾಡುತ್ತಾ ಮೈಯ ಶಾಖವನ್ನು ನೆಲಕ್ಕೆ ಒಯ್ಯುತ್ತದೆ. ಅಪ್ಪ ಅಮ್ಮನಿಗೆ ಮಡಚುವ ಕ್ಯಾಂಪ್ ಮಂಚ ತನ್ನಿ, ಅದರ ಮೇಲೆ ದಪ್ಪ ಫೋಮ್ ಪ್ಯಾಡ್, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್. ಮಂಚದಿಂದ ಕಾಲು ಕೆಳಗಿಟ್ಟು ಏಳಬಹುದು, ಮಂಡಿ ನೋವಿರುವ ಅಮ್ಮನಿಗೆ ನೆಲದಿಂದ ಏಳುವ ಕಷ್ಟ ತಪ್ಪುತ್ತದೆ. ಮಂಚದ ಕೆಳಗೆ ಗಾಳಿ ಆಡುತ್ತದೆ ಅನ್ನುವುದನ್ನು ಮರೆಯಬೇಡಿ. ಫೋಮ್ ಇಲ್ಲದ ಬರೀ ಮಂಚ ನೆಲಕ್ಕಿಂತ ಥಂಡಿ.

ಸ್ಲೀಪಿಂಗ್ ಬ್ಯಾಗ್ ಮೇಲೆ ಬರೆದಿರುವ ಅಂಕಿಯನ್ನು ನಂಬಿ ಕೊಳ್ಳುವಾಗ ಎಚ್ಚರ. 40 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿದ್ದರೆ ಆ ಚಳಿಯಲ್ಲಿ ಹೇಗೋ ರಾತ್ರಿ ಕಳೆಯಬಹುದು ಎಂದು ಎಷ್ಟೋ ಸಲ ಅದರ ಅರ್ಥ, ಸುಖವಾಗಿ ನಿದ್ದೆ ಬರುತ್ತದೆ ಅಂತಲ್ಲ. ಹಿರಿಯರಿಗೆ 20 ಡಿಗ್ರಿ ಫ್ಯಾರನ್‌ಹೀಟಿನದೇ ಇರಲಿ, ಸೆಕೆಯಾದರೆ ಜಿಪ್ ತೆಗೆಯಬಹುದು. ಮಲಗುವ ಮುಂಚೆ ರಬ್ಬರಿನ ಬಿಸಿನೀರಿನ ಚೀಲ ತುಂಬಿ ಕಾಲ ಹತ್ತಿರ ಇಟ್ಟುಕೊಡಿ. ಅಮ್ಮ ಊರಿನಿಂದ ತರುವ ಉಣ್ಣೆ ಸ್ವೆಟರ್, ಮಂಕಿ ಕ್ಯಾಪ್, ಕಾಲುಚೀಲ ಎಲ್ಲಕ್ಕೂ ಇಲ್ಲಿ ಕೆಲಸವಿದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಹತ್ತಿ ಬಟ್ಟೆ ತೇವ ಹಿಡಿದರೆ ಮೈಯ ಶಾಖವನ್ನೇ ಎಳೆದುಬಿಡುತ್ತದೆ. ಹಗಲು ಹಾಕಿದ ಬಟ್ಟೆಯಲ್ಲಿ ಮಲಗಬೇಡಿ, ಒಣಗಿದ ಇನ್ನೊಂದು ಜೊತೆ ಮಲಗುವುದಕ್ಕೇ ಇರಲಿ.

ಐದು ಜನಕ್ಕೆ ಆರು ಜನರ ಟೆಂಟ್ ಸಾಲುವುದಿಲ್ಲ, ಮಂಚ ಹಾಕಿದರೆ ಇನ್ನೂ ಇಲ್ಲ. ಎರಡು ಟೆಂಟ್ ಇರಲಿ. ಬಾಗಿಲು ವಾಯವ್ಯಕ್ಕೆ ಬೆನ್ನು ಮಾಡಿರಬೇಕು. ಕೆಳಗೆ ಹಾಸುವ ಟಾರ್ಪಾಲು ಟೆಂಟ್‌ಗಿಂತ ಒಂದು ಗೇಣು ಒಳಗೇ ಇರಬೇಕು. ಅಂಚು ಹೊರಗೆ ಚಾಚಿದರೆ ರಾತ್ರಿಯ ಇಬ್ಬನಿ ಅದರ ಮೇಲೆ ಬಿದ್ದು ನೇರ ಟೆಂಟ್ ಅಡಿಗೆ ಹರಿಯುತ್ತದೆ. ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಬೇಡಿ. ನಾವು ಬಿಟ್ಟ ಉಸಿರೇ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟುತ್ತದೆ, ಬೆಳಗಿನ ಜಾವ ಯಾರಾದರೂ ತಾಗಿದರೆ ಸಣ್ಣ ಮಳೆಯೇ ಬೀಳುತ್ತದೆ. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ. ಸ್ಟವ್, ಕೆಂಡ, ಇದ್ದಿಲು ಯಾವುದನ್ನೂ ಟೆಂಟ್ ಒಳಗೆ ತರಬೇಡಿ. ಅಡುಗೆಗೂ ಬೇಡ, ಬೆಚ್ಚಗಾಗಲೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಊಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ ಮನೆಯಿಂದಲೇ ಬರಲಿ. ಎರಡು ಒಲೆಯ ಪ್ರೊಪೇನ್ ಸ್ಟವ್ ಮೇಲೆ ಸಣ್ಣ ಕುಕ್ಕರ್ ಇಟ್ಟರೆ ಅನ್ನ, ಬೇಳೆ ಆಗುತ್ತದೆ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ. ಮುಖ್ಯವಾದದ್ದು ಊಟ ಮುಗಿದ ಮೇಲಿನ ಕೆಲಸ. ಒಮ್ಮೆ ನಮ್ಮ ಪಕ್ಕದ ಸೈಟಿನವರು ಮೊಸರನ್ನದ ಡಬ್ಬಿ ಇದ್ದ ಕೂಲರ್ ಅನ್ನು ಮೇಜಿನ ಮೇಲೆ ಬಿಟ್ಟು ಮಲಗಿದರು. ರಾತ್ರಿ ರಕೂನ್ ಎಂಬ ಕಾಡುಪ್ರಾಣಿಗಳು ಬಂದು ಕೊಂಡಿ ತೆಗೆದು ಡಬ್ಬಿ ಖಾಲಿ ಮಾಡಿದವು. ಅವುಗಳ ಕೈ ಮಗುವಿನ ಕೈ ಹಾಗೆ ಕೆಲಸ ಮಾಡುತ್ತದೆ. ಊಟದ ಸಾಮಾನು, ಟೂತ್‌ಪೇಸ್ಟ್, ಎಣ್ಣೆ, ಸೋಪು ಎಲ್ಲ ಸೈಟ್‌ನಲ್ಲಿರುವ ಪೆಟ್ಟಿಗೆಯಲ್ಲೋ ಕಾರಿನೊಳಗೋ ಇಟ್ಟು ಭದ್ರವಾಗಿ ಮುಚ್ಚಿ. ಸೌದೆ ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಒಂದು ಊರಿನ ಸೌದೆಯಲ್ಲಿ ಕೂತ ಹುಳು ಇನ್ನೊಂದು ಊರಿನ ಕಾಡನ್ನೇ ಕೊಲ್ಲಬಹುದು. ಬೆಂಕಿ ನಿಷೇಧ ಇದೆಯಾ ಅಂತ ಗೇಟಿನಲ್ಲೇ ಕೇಳಿ.

ದಾರಿ ಸುಮಾರು 210 ಮೈಲಿ. ಹೈವೇ 101ರಲ್ಲಿ ವಿಲಿಟ್ಸ್ ಎಂಬ ಊರಿನವರೆಗೆ ಹೋಗಿ, ಅಲ್ಲಿಂದ ಹೈವೇ 20 ಹಿಡಿದರೆ ಫೋರ್ಟ್ ಬ್ರ್ಯಾಗ್. ಪಾರ್ಕ್ ಅಲ್ಲಿಂದ ಮೂರು ಮೈಲಿ ಉತ್ತರಕ್ಕೆ. ಹೈವೇ 20ರ ಮೂವತ್ತಕ್ಕೂ ಹೆಚ್ಚು ಮೈಲಿ ಚಾರ್ಮಾಡಿ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು. ವಿಲಿಟ್ಸ್‌ನಲ್ಲಿ ಇಳಿದು ಕಾಲಾಡಿಸಿ, ಹೊಟ್ಟೆ ಭಾರ ಮಾಡಿಕೊಳ್ಳದೆ, ಬೆಳಕಿರುವಾಗಲೇ ದಾಟಿ. ಸೈಟ್ ಕೊಡುವುದು ಮಧ್ಯಾಹ್ನ 2ರ ಮೇಲೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಸರಿಹೋಗುತ್ತದೆ.

ಇನ್ನು ಕಡಲು. ಸಮುದ್ರ ಸ್ನಾನ ಬೇಡ ಅಂದೆನಲ್ಲ, ಬರೀ ಚಳಿಯ ಕಾರಣಕ್ಕಲ್ಲ. ಅಷ್ಟು ತಣ್ಣೀರಿಗೆ ಮೈ ಮುಳುಗಿದ ಮೊದಲ ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ, ತಾನಾಗೇ ಏದುಸಿರು ಬರುತ್ತದೆ. ಆ ಹೊತ್ತಿಗೆ ಬಾಯಿಗೆ ನೀರು ಬಂದರೆ ಮುಗಿಯಿತು. ರಕ್ತದೊತ್ತಡ ಥಟ್ಟನೆ ಏರುತ್ತದೆ, ಅಪ್ಪನಿಗಂತೂ ಇದು ಖಂಡಿತ ಆಗದು. ಹತ್ತು ನಿಮಿಷದೊಳಗೆ ಕೈಕಾಲು ಸೋಲುತ್ತವೆ, ಈಜು ಬಂದವರಿಗೂ ಅಷ್ಟೇ.

ಅದಕ್ಕಿಂತ ಮೋಸದ್ದು ಅಲೆ. ಇಲ್ಲಿ ಅದಕ್ಕೆ ಸ್ನೀಕರ್ ವೇವ್ ಅನ್ನುತ್ತಾರೆ. ಸಾವಿರಾರು ಮೈಲಿ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ಒಂದರ ಮೇಲೊಂದು ಕೂಡಿಕೊಂಡು, ಇದ್ದಕ್ಕಿದ್ದ ಹಾಗೆ ದಡದ ಮೇಲೆ ತುಂಬಾ ದೂರ ಬಂದುಬಿಡುತ್ತವೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಸಣ್ಣ ಅಲೆಗಳೇ ಬರುತ್ತಿರುತ್ತವೆ, ನೋಡುವವರಿಗೆ ಧೈರ್ಯ ಬರುತ್ತದೆ. ಆಮೇಲೆ ಅದು ಬರುತ್ತದೆ. ಒಂದು ಸಲ ಮರಳಿನ ದಡದಲ್ಲಿ ನನ್ನಿಂದ ಇಪ್ಪತ್ತು ಹೆಜ್ಜೆ ಕೆಳಗೆ ಒಬ್ಬರು ಕಡಲಿಗೆ ಬೆನ್ನು ಮಾಡಿ ಫೋಟೋಗೆ ನಿಂತಿದ್ದರು. ನೀರು ಬಂದದ್ದು ಮೊಣಕಾಲಿಗಷ್ಟೇ. ಆದರೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು, ಅವರು ನಿಂತಲ್ಲೇ ಜಾರಿದರು. ಮನೆಯವರೆಲ್ಲ ಕೈ ಹಿಡಿದು ಎಳೆದಿದ್ದರಿಂದ ಉಳಿದರು. ಆ ಹಿಡಿದ ಕೈಗಳು ಆಮೇಲೆ ಎಷ್ಟೋ ಹೊತ್ತು ನಡುಗುತ್ತಿದ್ದವು.

ಹಾಗಾಗಿ ದಡಕ್ಕೆ ಹೋದ ಮೇಲೆ ಮೊದಲು ಕಾಲು ಗಂಟೆ ಸುಮ್ನೆ ಮೇಲೆ ನಿಂತು ನೋಡಿ. ಮರಳು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೂ ನೀರು ಬಂದಿತ್ತು ಅಂತ ಅರ್ಥ. ಒಣಗಿದ ಮರಳಿನ ಮೇಲೇ ಇರಿ. ಕಡಲಿಗೆ ಯಾವತ್ತೂ ಬೆನ್ನು ಮಾಡಬೇಡಿ. ಮಗನ ಕೈ ಯಾರು ಹಿಡಿದಿರಬೇಕು ಅಂತ ಮುಂಚೆಯೇ ಮಾತಾಡಿಕೊಳ್ಳಿ, ಎಲ್ಲರೂ ಇದ್ದಾರೆ ಅಂದರೆ ಯಾರೂ ನೋಡುತ್ತಿರುವುದಿಲ್ಲ. ಯಾರಾದರೂ ನೀರಿಗೆ ಸಿಕ್ಕರೆ ಹಿಂದೆ ಧುಮುಕಬೇಡಿ, 911ಕ್ಕೆ ಫೋನ್ ಮಾಡಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹೋದ ದಿನವೇ ನೋಡಿಟ್ಟುಕೊಳ್ಳಿ. ಭೂಮಿ ಜೋರಾಗಿ, ತುಂಬಾ ಹೊತ್ತು ನಡುಗಿದರೆ ಫೋನಿನ ಸೂಚನೆಗೂ ಕಾಯದೆ ಎತ್ತರದ ಕಡೆ ನಡೆಯಿರಿ. 2024ರ ಡಿಸೆಂಬರ್ 5ರಂದು ಕೇಪ್ ಮೆಂಡೊಸಿನೊ ಆಚೆ 7.0 ತೀವ್ರತೆಯ ಭೂಕಂಪವಾಗಿ ಈ ಕರಾವಳಿಗೆಲ್ಲ ಸುನಾಮಿ ಎಚ್ಚರಿಕೆ ಕೊಟ್ಟಿದ್ದರು. ಸುಮಾರು ಒಂದು ಗಂಟೆಯ ಮೇಲೆ ಅದನ್ನು ಹಿಂತೆಗೆದುಕೊಂಡರು.

ಅಪ್ಪನ ಆಸೆಗೆ ಒಂದು ದಾರಿಯಿದೆ. ಪಾರ್ಕ್‌ನ ದಕ್ಷಿಣ ತುದಿಯಲ್ಲಿ ಪುಡಿಂಗ್ ಕ್ರೀಕ್ ಅಂತ ಒಂದು ಹಳ್ಳ ಕಡಲಿಗೆ ಸೇರುತ್ತದೆ. ಹಳೆಯ ಮರದ ದೊಡ್ಡ ಸೇತುವೆಯ ಕೆಳಗೆ ಆ ಹಳ್ಳ ಮರಳಿನ ಮೇಲೆ ತೆಳುವಾಗಿ ಹರಿಯುತ್ತದೆ. ಅಲೆ ಬರುವ ಗೆರೆಯಿಂದ ಬಹಳ ಮೇಲೆ, ಅಲ್ಲಿ ಚೊಂಬಿನಲ್ಲಿ ನೀರು ತುಂಬಿಕೊಂಡು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಲಿ. ನನ್ನ ತಂದೆ ಹೀಗೇ ಮಾಡಿದ್ದರು, ಆಮೇಲೆ ಕಡಲಿಗೆ ಕೈ ಮುಗಿದು ತುಂಬಾ ಹೊತ್ತು ನಿಂತರು. ಮಗನಿಗೂ ಆ ತೆಳು ನೀರಿನಲ್ಲಿ ಆಟವಾಗುತ್ತದೆ. ಸೇತುವೆಯ ಮೇಲೆ ಈಗ ನಡೆಯುವವರು, ಸೈಕಲ್‌ನವರು ಮಾತ್ರ. ಹಿಂದೆ ಮರದ ದಿಮ್ಮಿ ಸಾಗಿಸುತ್ತಿದ್ದ ರೈಲು ದಾರಿ ಅದು, ಆಮೇಲೆ ಲಾರಿ ರಸ್ತೆಯಾಗಿತ್ತು. ಸಮತಟ್ಟಾಗಿರುವುದರಿಂದ ಅಪ್ಪ ಎಷ್ಟು ದೂರ ಬೇಕಾದರೂ ನಡೆಯಬಹುದು.

ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಗ್ಲಾಸ್ ಬೀಚ್. 1906ರಿಂದ 1967ರವರೆಗೆ ಊರಿನ ಕಸವನ್ನೆಲ್ಲ ಈ ದಡದಲ್ಲಿ ಸುರಿಯುತ್ತಿದ್ದರು. ಒಡೆದ ಬಾಟಲಿಗಳನ್ನು ಕಡಲು ದಶಕಗಟ್ಟಲೆ ಉಜ್ಜಿ ಉಜ್ಜಿ ನುಣ್ಣನೆ ಹರಳು ಮಾಡಿದೆ. ಈಗ ಉಳಿದಿರುವುದು ಕಡಿಮೆ. ಬಂದವರೆಲ್ಲ ಜೇಬಿಗೆ ಹಾಕಿಕೊಂಡು ಹೋಗಿದ್ದೇ ಅದಕ್ಕೆ ಒಂದು ಕಾರಣ. ಒಯ್ಯುವ ಹಾಗಿಲ್ಲ ಅಂತ ಮಗನಿಗೆ ಮೊದಲೇ ಹೇಳಿ. ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ನೋಡಿ, ವಾಪಸ್ ಇಡಲಿ.

ಅಮ್ಮನಿಗೆ ನಾನು ತೋರಿಸಬೇಕು ಅಂದುಕೊಳ್ಳುವ ಜಾಗ ಲಗೂನಾ ಪಾಯಿಂಟ್. ಪಾರ್ಕಿಂಗ್‌ನಿಂದಲೇ ಹಲಗೆಯ ಕಾಲುದಾರಿ ಶುರುವಾಗುತ್ತದೆ. ಮೆಟ್ಟಿಲಿಲ್ಲ, ಗಾಲಿಕುರ್ಚಿಯೂ ಹೋಗುತ್ತದೆ. ಕೊನೆಯಲ್ಲಿ ಬಂಡೆಗಳು, ಬಂಡೆಗಳ ಮೇಲೆ ಹಾರ್ಬರ್ ಸೀಲ್ ಎಂಬ ಕಡಲ ಪ್ರಾಣಿಗಳು. ನೀರು ಇಳಿದಿರುವ ಹೊತ್ತಿಗೆ ಹೋಗಿ, ಆಗ ಬಂಡೆಗಳು ತೆರೆದು ಸೀಲ್‌ಗಳು ಮೇಲೆ ಬಂದು ಮಲಗಿರುತ್ತವೆ. ಮೊದಲು ಕಣ್ಣಿಗೆ ಏನೂ ಕಾಣುವುದಿಲ್ಲ, ಬಂಡೆಯ ಬಣ್ಣವೇ ಅವುಗಳದ್ದೂ. ಆಮೇಲೆ ಒಂದು ಕಲ್ಲು ತಲೆ ಎತ್ತುತ್ತದೆ. ಅಲೆ ಬಂದು ಹೊಟ್ಟೆ ತಾಗಿದಾಗ ತಲೆಯನ್ನೂ ಬಾಲವನ್ನೂ ಒಟ್ಟಿಗೆ ಮೇಲೆತ್ತಿ ಬಾಳೆಹಣ್ಣಿನ ಹಾಗೆ ಬಾಗುತ್ತವೆ, ತುದಿಗಳು ತಣ್ಣಗಾಗದಿರಲಿ ಅಂತ. ಬೈನಾಕ್ಯುಲರ್ ಇದ್ದರೆ ಕಣ್ಣಿನ ಪಕ್ಕದ ತೇವದ ಗೆರೆಯೂ ಕಾಣುತ್ತದೆ. ಹತ್ತಿರ ಹೋಗಬೇಡಿ, ಮಾತೂ ಮೆತ್ತಗಿರಲಿ. ಬೆದರಿ ನೀರಿಗೆ ಹಾರಿದರೆ ಅವು ವಿಶ್ರಾಂತಿಯಲ್ಲಿ ಉಳಿಸಿಕೊಂಡ ಶಾಖವೆಲ್ಲ ಹೋಗುತ್ತದೆ. ದಡದಲ್ಲಿ ಒಂಟಿ ಮರಿ ಕಂಡರೂ ಮುಟ್ಟಬಾರದು, ತಾಯಿ ಮೇವಿಗೆ ಹೋಗಿರಬಹುದು.

ಬೂದು ತಿಮಿಂಗಿಲ ಸೆಪ್ಟೆಂಬರ್‌ನಲ್ಲಿ ಕಾಣುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಅವು ಆರ್ಕ್ಟಿಕ್ ಕಡೆಯಿಂದ ಮೆಕ್ಸಿಕೊದ ಬಾಹಾ ಕರಾವಳಿಗೆ ಹೋಗಿ ಬರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಪಾರ್ಕ್‌ನ ಬಾಗಿಲಲ್ಲೇ ಒಂದು ತಿಮಿಂಗಿಲದ ಪೂರ್ತಿ ಎಲುಬುಗೂಡು ಇದೆ, ಅದರ ಪಕ್ಕ ಮಗನನ್ನು ನಿಲ್ಲಿಸಿ. ಈ ತಣ್ಣೀರು ತನ್ನ ಜೊತೆ ಆಳದ ಪೋಷಕಾಂಶ ಮೇಲೆ ತರುವುದರಿಂದಲೇ ಇಲ್ಲಿ ಇಷ್ಟೊಂದು ಜೀವ. ಆದರೆ 2014ರಿಂದ 2016ರವರೆಗೆ ನೀರು ಅಸಹಜವಾಗಿ ಬಿಸಿಯಾಯಿತು. ನಕ್ಷತ್ರ ಮೀನುಗಳು ಅದಕ್ಕೂ ಮುಂಚೆ ರೋಗದಿಂದ ಸತ್ತಿದ್ದವು. ಅವು ತಿನ್ನುತ್ತಿದ್ದ ನೇರಳೆ ಬಣ್ಣದ ಮುಳ್ಳುಚೆಂಡಿನಂಥ ಅರ್ಚಿನ್‌ಗಳು ಹೆಚ್ಚಿ, ಕಡಲ ಕಾಡಿನಂತಿದ್ದ ಕೆಲ್ಪ್ ಎಂಬ ಪಾಚಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾಯಿತು. ಕೆಲ್ಪ್ ತಿಂದು ಬದುಕುವ ಅಬಲೋನಿ ಎಂಬ ಚಿಪ್ಪುಜೀವಿಗಳು ಹಸಿದು ಸತ್ತವು, ಅವನ್ನು ಹಿಡಿಯುವುದನ್ನು 2018ರಿಂದ ನಿಲ್ಲಿಸಿದ್ದಾರೆ. ಬಂಡೆಗಳ ನಡುವಿನ ನೀರಗುಂಡಿಯಲ್ಲಿ ಮಗ ಏನನ್ನಾದರೂ ನೋಡಿ ಖುಷಿಪಟ್ಟರೆ ಇದನ್ನೂ ಹೇಳಿ. ಎಂಟು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮೊದಲ ರಾತ್ರಿ ಅಮ್ಮನಿಗೆ ನಿದ್ದೆ ಬರದಿದ್ದರೆ ಎರಡನೇ ರಾತ್ರಿಗೆ ಒತ್ತಾಯ ಮಾಡಬೇಡಿ. ಫೋರ್ಟ್ ಬ್ರ್ಯಾಗ್‌ನಲ್ಲಿ ಮೋಟೆಲ್‌ಗಳಿವೆ, ವಾರದ ದಿನ ರೂಮ್ ಸಿಗುತ್ತದೆ. ಅಪ್ಪ ಅಮ್ಮ ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ನಿಮ್ಮ ಕಾಫಿಯ ಹೊತ್ತಿಗೆ ಸೈಟ್‌ಗೆ ಬಂದರೂ ಅದು ಕ್ಯಾಂಪಿಂಗೇ. ಅವರಿಗೆ ಮುಜುಗರವಾಗದಂತೆ ಹೊರಡುವ ಮುಂಚೆಯೇ ಈ ಮಾತು ಆಡಿಟ್ಟುಕೊಳ್ಳಿ. ಔಷಧಿ, ವಿಮೆಯ ಕಾಗದ ಒಂದೇ ಚೀಲದಲ್ಲಿರಲಿ. ಫೋರ್ಟ್ ಬ್ರ್ಯಾಗ್‌ನಲ್ಲಿ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಇದೆ.

ಆಗಸ್ಟ್‌ನಲ್ಲಿ ಒಂದು ಸಂಜೆ ಮನೆ ಹತ್ತಿರದ ಹುಲ್ಲಿನ ಮೇಲೆ ಎರಡೂ ಟೆಂಟ್ ಹಾಕಿ ನೋಡಿ. ಮಂಚ ಹಾಕಿ ಅಮ್ಮನನ್ನು ಮಲಗಿಸಿ, ಎಬ್ಬಿಸಿ. ಮುರಿದ ಕೋಲು, ಕಾಣೆಯಾದ ಗೂಟ ಎಲ್ಲ ಅವತ್ತೇ ಗೊತ್ತಾಗಲಿ. ಮಂಗಳವಾರ ಮಧ್ಯಾಹ್ನ 12ರೊಳಗೆ ಸೈಟ್ ಬಿಡಬೇಕು. ಅಷ್ಟು ಹೊತ್ತಿಗೆ ಟೆಂಟ್ ಒಣಗಿರುವುದಿಲ್ಲ. ಒದ್ದೆಯಾಗಿಯೇ ಸುತ್ತಿ ತಂದು, ಮನೆಗೆ ಬಂದ ದಿನವೇ ಬಾಲ್ಕನಿಯಲ್ಲಿ ಹರವಿ. ಎರಡು ದಿನ ಡಿಕ್ಕಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಮತ್ತೆ ಹೋಗುವುದಿಲ್ಲ.